ರೊಟ್ಟಿ ತಿಂದ ರೆಕ್ಕೆ

ನನ್ನ ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳಲು ಕುಳಿತಳೆಂದರೆ ನಾನು ಒಲೆಯ ಮೇಲಿನ ಸಾರನ್ನೂ ಮರೆತು ಬಂದು ಅವಳ ಪಕ್ಕದಲ್ಲಿ ಕೂತುಬಿಡುತ್ತೇನೆ. ಅವಳಿಗೆ ಅನುಮಾನ. "ನಿಂಗೂ ಹಚ್ಚಲೇನು ಮಮ್ಮಿ?" ಎನ್ನುತ್ತಾಳೆ. "ಬ್ಯಾಡವಾ, ನೀ ಹಚ್ಕೋ, ನಾ ವಾಸನಿ ತಗೋತೀನಿ" ಎಂದರೆ "ನಿಂಗ ಹುಚ್ಚು ಹಿಡದೈತಿ" ಎಂದು ನಗುತ್ತಾಳೆ. ಹಿಡಿದಿರಬಹುದು. ಆದರೆ ಆ ಪುಟ್ಟ ಶೀಸೆಯ ಮುಚ್ಚಳ ತೆಗೆದೊಡನೆ ಹೊರಬರುವ ವಾಸನೆ ಇದೆಯಲ್ಲ, ಮಿತಿಮೀರಿ ಹಣ್ಣಾದ ಬಾಳೆಹಣ್ಣಿನ ಮೇಲೆ ಯಾರೋ ಸ್ಪಿರಿಟ್ ಸುರಿದಂತಹದ್ದು, ಅದು ಮೂಗಿಗೆ ಬಿದ್ದರೆ ನಾನು ಐವತ್ತು ದಾಟಿದ ಹೆಂಗಸಾಗಿ ಉಳಿಯುವುದಿಲ್ಲ. ಎರಡು ಜಡೆ, ಕಾಲಿಗೆ ಚಪ್ಪಲಿಯಿಲ್ಲ, ಎದುರಿಗೆ ಮಂಜಿನಲ್ಲಿ ನಿಂತ ಒಂದು ವಿಮಾನ.

ವಾಸನೆಯ ವಿಷಯ ದಾಂಡೇಲಿಯವರು ಮಾತಾಡಬಾರದು, ನಿಜ. ನಾವು ಬೆಳೆದದ್ದು ಕಾಗದದ ಮಿಲ್ಲಿನ ಕಾಲನಿಯಲ್ಲಿ. ಬಿದಿರು ಬೆಂದು ತಿರುಳಾಗುವ ವಾಸನೆ ಗಾಳಿಯ ಜೊತೆ ಮನೆಯೊಳಗೇ ಬಂದು ಕೂರುತ್ತಿತ್ತು. ಧಾರವಾಡದಿಂದ ಬರುವ ನಮ್ಮ ಸೋದರಮಾವ ಬಸ್ಸಿನಿಂದ ಇಳಿದದ್ದೇ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು, "ಹೆಂಗರ ಇರ್ತೀರೋ ಮಾರಾಯಾ ಇಲ್ಲಿ" ಎನ್ನುತ್ತಿದ್ದ. ನಮಗೆ ಆ ವಾಸನೆ ಗೊತ್ತಾಗುತ್ತಿದ್ದದ್ದು ಮಿಲ್ಲು ನಿಂತ ದಿನ ಮಾತ್ರ. ಅವತ್ತು ಏನೋ ಕಳಕೊಂಡಂತೆ ಅನಿಸಿ ಊಟ ಸೇರುತ್ತಿರಲಿಲ್ಲ. ಈಗ ನೋಡಿ, ಹೇಳಹೊರಟದ್ದು ವಿಮಾನದ ಕಥೆ, ಹೇಳುತ್ತಿರುವುದು ಮಿಲ್ಲಿನದು. ನನ್ನ ಮಾತೇ ಹೀಗೆ, ಸೈರಿಸಿಕೊಳ್ಳಬೇಕು.

ವಿಮಾನಕ್ಕಿಂತ ಮೊದಲು ಅತ್ತಿ. ಶಾಂತವ್ವತ್ತಿ ನಮ್ಮಪ್ಪನ ಅಕ್ಕ. ಹೆಸರಿನಲ್ಲಿರುವ ಶಾಂತಿ ಅವಳ ನಾಲಿಗೆಯವರೆಗೆ ಎಂದೂ ಬಂದದ್ದಲ್ಲ. ಅವಳನ್ನು ಸೂಪಾದ ಹಳೇ ಊರಿಗೆ ಕೊಟ್ಟಿದ್ದರು. ಅವಳ ಗಂಡ, ನಮ್ಮ ಮಾಮಾ, ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಅಂಗಡಿಯ ಹಿಂದೆಯೇ ಮನೆ. ಮಕ್ಕಳಾಗಲಿಲ್ಲ. ಮಾಮಾ ಜ್ವರದಲ್ಲಿ ಹೋದ. ಆಮೇಲೆ ಕಾಳಿ ನದಿಗೆ ಆಣೆಕಟ್ಟು ಬಂತು, ನೀರು ಏರಿತು, ಊರೆಲ್ಲ ಎದ್ದು ಚೆದುರಿಹೋಯಿತು. ಅತ್ತಿ ಒಂದು ಟ್ರಂಕು ಮತ್ತು ಎರಡು ಕೌದಿಗಳೊಡನೆ ನಮ್ಮ ಕ್ವಾರ್ಟರ್ಸಿಗೆ ಬಂದಳು. ಕೌದಿ ಎಂದರೆ ಹಳೇ ಸೀರೆ, ಧೋತರ, ಅಂಗಿಗಳ ತುಂಡು ಸೇರಿಸಿ ಕೈಯಲ್ಲೇ ಹೊಲಿದ ಹೊದಿಕೆ. ಅವಳ ಹೊಲಿಗೆ ಎಷ್ಟು ಬಿಗಿಯೆಂದರೆ, ಕೌದಿ ಹರಿಯಬಹುದು, ಹೊಲಿಗೆ ಬಿಡುತ್ತಿರಲಿಲ್ಲ.

ಅವಳಿಗೆ ಒಂದೇ ಹಂಬಲ. ನೀರಿನೊಳಗಿರುವ ತನ್ನ ಮನೆಯನ್ನು ಒಮ್ಮೆ ನೋಡಬೇಕು. ಅಪ್ಪ ಅವಳನ್ನು ಎರಡು ಸಲ ಹಿನ್ನೀರಿನ ದಂಡೆಗೆ ಕರೆದೊಯ್ದಿದ್ದ. ಎರಡೂ ಸಲ ಮುಖ ಊದಿಸಿಕೊಂಡು ಬಂದಳು.

"ದಂಡಿಗೆ ನಿಂತ್ರ ಏನ್ ಕಾಣ್ತೈತೋ? ಬರೇ ಬಿಸಲ ಹೊಳೀತೈತಿ. ಬಾವಿ ದೂರದಿಂದ ನೋಡಿದ್ರ ತಳಾ ಕಾಣ್ತೈತೇನು? ಮ್ಯಾಲಿಂದ ಬಗ್ಗಿ ನೋಡಬೇಕು, ಅಂದ್ರ ಕಾಣ್ತೈತಿ."

"ಅಷ್ಟ ಮ್ಯಾಲಿಂದ ನೋಡಾಕ ನೀ ಏನ್ ಹದ್ದೇನಬೇ?" ಎಂದು ಅಪ್ಪ ನಗುತ್ತಿದ್ದ. ಅತ್ತಿ ನಗುತ್ತಿರಲಿಲ್ಲ. ಮಧ್ಯಾಹ್ನ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಸೂಪಾದ ಓಣಿಯ ಮನೆಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಯಾರ ಮನೆಯ ಮುಂದೆ ಯಾವ ಗಿಡ, ಯಾರ ಅಟ್ಟದ ಮೇಲೆ ಬೆಕ್ಕು ಮರಿ ಹಾಕುತ್ತಿತ್ತು, ಯಾರ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಾಕಲು ಬಾರದೆ ಕಿರುಗುಡುತ್ತಿತ್ತು. ಕೇಳುತ್ತ ಕೇಳುತ್ತ ನನಗೆ ನಿದ್ದೆ ಬರುತ್ತಿತ್ತು. ಕನಸಿನಲ್ಲಿ ಆ ಓಣಿಯಲ್ಲಿ ನಾನು ನಡೆಯುತ್ತಿದ್ದೆ, ನೆತ್ತಿಯ ಮೇಲೆ ಮೀನುಗಳು ಹೋಗುತ್ತಿದ್ದವು.

ಅಂತಹ ದಿನಗಳಲ್ಲಿ ವಿಮಾನ ಬಂತು.

ಊರ ಹೊರಗೆ ಮಿಲ್ಲಿನವರದೊಂದು ವಿಮಾನದ ಮೈದಾನವಿತ್ತು. ವಿಮಾನ ಇಳಿಯುತ್ತಿದ್ದದ್ದು ಅಪರೂಪ, ಎಮ್ಮೆ ಮೇಯುತ್ತಿದ್ದದ್ದು ದಿನಾಲೂ. ಆ ವರ್ಷ ಹಳಿಯಾಳ, ಮುಂಡಗೋಡದ ಕಡೆ ಹತ್ತಿಗೂ ಭತ್ತಕ್ಕೂ ಹುಳ ಬಿದ್ದಿತ್ತು. ಔಷಧ ಸಿಂಪಡಿಸಲು ವಿಮಾನ ತರಿಸಿದ್ದಾರೆಂದು ಸುದ್ದಿ ಹಬ್ಬಿತು. ನಾವು ಕಾಲನಿಯ ಮಕ್ಕಳೆಲ್ಲ ಓಡಿದೆವು. ಹೋಗಿ ನೋಡಿದರೆ, ಕ್ಯಾಲೆಂಡರಿನಲ್ಲಿ ಕಂಡ ಬೆಳ್ಳಗೆ ಉದ್ದನೆಯ ವಿಮಾನವಲ್ಲ ಅದು. ಒಂದರ ಮೇಲೊಂದು ರೆಕ್ಕೆ, ನಡುವೆ ಕೋಲು, ತಂತಿ. ತಲೆಯ ಮೇಲೆ ಸೂರಿಲ್ಲ, ಒಂದರ ಹಿಂದೊಂದು ಮನುಷ್ಯ ಕೂರುವಂತಹ ಎರಡು ತೆರೆದ ಗುಳಿಗಳು. ಮೂತಿಗೆ ಕಟ್ಟಿಗೆಯ ಪಂಖ. ಬೆರಳಿನಿಂದ ತಟ್ಟಿದರೆ ರೆಕ್ಕೆ ಬಾರಿಸುವ ಹಲಗೆಯಂತೆ 'ಡಬ್' ಎನ್ನುತ್ತಿತ್ತು.

"ಏ, ಇದು ಬಟ್ಟೀದೈತೋ!" ಎಂದು ಯಾರೋ ಕೂಗಿದರು. ನಮ್ಮೆಲ್ಲರ ಮುಖ ಬಾಡಿತು. ಕಟ್ಟಿಗೆಯ ಮೇಲೆ ಬಟ್ಟೆ ಬಿಗಿದು, ಬಟ್ಟೆ ಗಟ್ಟಿಯಾಗಲೆಂದು ಒಂದು ಬಣ್ಣ ಬಳಿದಿದ್ದರು. ಆ ಬಣ್ಣದ ವಾಸನೆಯೇ ಈಗ ನನ್ನ ಮಗಳ ಶೀಸೆಯಲ್ಲಿರುವುದು. ಮನೆಗೆ ಬಂದು ಹೇಳಿದಾಗ ಅವ್ವ, "ಹಂಗಾರ ಅದೂ ಧೋತ್ರಾ ಉಟಗೊಂಡೈತಿ ಅನ್ನು" ಎಂದಳು. ಜೋಡಿ ರೆಕ್ಕೆಯಿದ್ದದ್ದರಿಂದ ಊರವರು ಅದಕ್ಕೆ ಜೋಡೆತ್ತು ಎಂದು ಹೆಸರಿಟ್ಟರು.

ಅದನ್ನು ಹಾರಿಸುವವರು ಬೆಳಗಾವಿಯವರು, ಮಾತಿನ ನಡುವೆ ಮರಾಠಿ ನುಸುಳುತ್ತಿತ್ತು. ಮೊದಲು ಮಿಲಿಟರಿಯಲ್ಲಿದ್ದವರು, ಎಲ್ಲರೂ ಕಪ್ತಾನ ಸಾಹೇಬರು ಎನ್ನುತ್ತಿದ್ದರು. ಹರೆಯದಲ್ಲಿ ಅವರು ಹಾರಲು ಕಲಿತದ್ದೂ ಇಂಥದ್ದೇ ವಿಮಾನದಲ್ಲಿ, ಆಮೇಲೆ ಬೇರೆ ಹುಡುಗರಿಗೆ ಕಲಿಸಿದ್ದೂ ಇಂಥದ್ದರಲ್ಲೇ. ಮಿಲಿಟರಿಗೆ ಬೇಡವಾದ ಮೇಲೆ ಇದನ್ನು ಒಂದು ಫ್ಲೈಯಿಂಗ್ ಕ್ಲಬ್ಬಿನವರು ತೆಗೆದುಕೊಂಡರಂತೆ, ವಕೀಲರ, ಡಾಕ್ಟರರ ಮಕ್ಕಳು ಇದರಲ್ಲಿ ಹಾರುವ ಹೌಸು ತೀರಿಸಿಕೊಂಡರಂತೆ. ಕೊನೆಗೆ ಮುಂದಿನ ಸೀಟು ತೆಗೆದು ಅಲ್ಲಿ ಔಷಧದ ಟಾಕಿ ಕೂರಿಸಿದರು. ನಿವೃತ್ತಿಯಾದ ಹವಾಲ್ದಾರರು ಬ್ಯಾಂಕಿನ ಬಾಗಿಲಲ್ಲಿ ಕಾವಲು ಕೂರುತ್ತಾರಲ್ಲ, ಹಾಗೆ ಇದೂ ಹೊಟ್ಟೆಪಾಡಿಗೆ ಹುಳದಿಂದ ಬೆಳೆ ಕಾಯಲು ಬಂದಿತ್ತು. ಸಾಹೇಬರು ಮಾತ್ರ ಅದನ್ನು ಮುಟ್ಟುವಾಗ ಈಗಲೂ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು.

ಬೆಳಗಿನ ಮಂಜು ಸರಿಯುವುದಕ್ಕೆ ಮುಂಚೆ ಅದು ಏಳುತ್ತಿತ್ತು. ತೇರಗಾಂವದ ಗದ್ದೆಗಳಿಂದ ಹಿಡಿದು ಚಿಗಳ್ಳಿಯ ಹೊಲಗಳವರೆಗೂ ಹೋಗಿ ಬರುತ್ತಿತ್ತಂತೆ. ಹಿಂತಿರುಗುವಾಗ ಅದರ ನೆರಳು ನಮ್ಮ ಕಾಲನಿಯ ಹಂಚುಗಳ ಮೇಲೆ, ಬೇಲಿಯ ಮೇಲೆ, ಒಣಹಾಕಿದ ಸೀರೆಗಳ ಮೇಲೆ ಸದ್ದಿಲ್ಲದೆ ಹರಿದು ಹೋಗುತ್ತಿತ್ತು. ನಾವು ನೆರಳಿನ ಹಿಂದೆ ಓಡುತ್ತಿದ್ದೆವು. ನನ್ನ ಮೈಮೇಲೆ ಒಮ್ಮೆ ನೆರಳು ಹಾದಾಗ ನಾನು ಕಣ್ಣು ಮುಚ್ಚಿ ನಿಂತುಬಿಟ್ಟಿದ್ದೆ. ಆ ಕ್ಷಣ ನಾನೂ ನೆಲ ಬಿಟ್ಟಿದ್ದೆನೆಂದು ಬಹಳ ವರ್ಷ ನಂಬಿದ್ದೆ. ನಗಬೇಡಿ. ಹಾಗೆ ನಂಬಿದ್ದವಳು ಹೋದ ವರ್ಷ ಹುಬ್ಬಳ್ಳಿಯಲ್ಲಿ ನಿಜವಾದ ವಿಮಾನ ಹತ್ತಿದಾಗ ಹೆದರಿ ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮೇಲೇರಿದ ಮೇಲೆ ಕಣ್ಣು ತೆರೆದರೆ ಗಂಡ ಆ ಕಡೆ ಕಿಟಕಿಯ ಹತ್ತಿರವಿದ್ದಾನೆ. ನಾನು ಹಿಡಿದ ಕೈಯ ಒಡೆಯರು, ಪಾಪ, ಯಾರೋ ಹಿರಿಯರು, ಏನೂ ಅನ್ನದೆ ಪೇಪರು ಓದುತ್ತಿದ್ದರು.

ಜೋಡೆತ್ತಿಗೆ ಕುತ್ತು ಬಂದದ್ದು ಎಮ್ಮೆಯಿಂದ. ಮೈ ತುರಿಸಿಕೊಳ್ಳಲು ಒಂದು ಎಮ್ಮೆ ರೆಕ್ಕೆಗೆ ಒರಗಿತು. ಸಾಹೇಬರು ಹೋ ಎಂದು ಓಡಿಬಂದಾಗ ಬೆದರಿ ತಲೆ ಎತ್ತಿತು, ಕೋಡು ಸಿಕ್ಕಿ ಕೆಳಗಿನ ರೆಕ್ಕೆಯ ಬಟ್ಟೆ ಮೊಳದುದ್ದ ಹರಿಯಿತು. ಸಾಹೇಬರ ಹತ್ತಿರ ಬಟ್ಟೆಯಿತ್ತು, ಮೇಣದ ದಾರವಿತ್ತು, ಬಳಿಯುವ ಬಣ್ಣವಿತ್ತು. ಹೊಲಿಯುವ ಮನುಷ್ಯ ಮಾತ್ರ ಬೆಳಗಾವಿಯಲ್ಲಿ ಜ್ವರ ಬಂದು ಮಲಗಿದ್ದ. ಅಪ್ಪ ಅಲ್ಲಿ ನಿಂತವನು, "ನಮ್ಮಕ್ಕ ಕೌದಿ ಹೊಲಿತಾಳ್ರಿ" ಎಂದ. ಸಾಹೇಬರು ಅಪ್ಪನ ಮುಖವನ್ನೂ ಹರಿದ ರೆಕ್ಕೆಯನ್ನೂ ನೋಡಿದರು. ಬೇರೆ ದಾರಿ ಇರಲಿಲ್ಲ.

ಅತ್ತಿ ಹೋದಳು. ಎರಡು ದಿನ ರೆಕ್ಕೆಯ ಕೆಳಗೆ ಚಾಪೆ ಹಾಸಿಕೊಂಡು ಕೂತು ಹೊಲಿದಳು. ಪಕ್ಕದಲ್ಲಿ ಸೂಜಿ ಕೊಡಲು ನಾನು. ಹೊಲಿಗೆಯ ನಡುನಡುವೆ ಎಷ್ಟೆಷ್ಟು ಅಂತರವಿರಬೇಕೆಂದು ಸಾಹೇಬರು ಬಗ್ಗಿ ಬಗ್ಗಿ ತೋರಿಸುತ್ತಿದ್ದರು, ಅತ್ತಿ ಬಿಗುಮಾನದಿಂದ ಕೇಳಿಸಿಕೊಂಡು ಹಾಗೆಯೇ ಹೊಲಿಯುತ್ತಿದ್ದಳು. ಮುಗಿಯುತ್ತ ಬಂದಾಗ ಸಾಹೇಬರು ಖುಷಿಯಾಗಿ ಕೇಳಿದರು, "ಬೇಸ್ ಆತು ನೋಡ್ರಿ ಬಾಯಿ. ನಿಮಗ ಏನ್ ಕೊಡಲಿ, ಸಾಂಗಾ, ಹೇಳ್ರಿ."

ಅತ್ತಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ನನ್ನ ಸೂಪಾದ ಮ್ಯಾಲೆ ಒಮ್ಮಿ ಕರಕೊಂಡ ಹೋಗ್ರಿ. ಅಲ್ಲಿ ನೀರಾಗ ನನ್ನ ಮನಿ ಐತಿ, ನೋಡಬೇಕು."

ಸಾಹೇಬರು ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ, ಔಷಧದ ಕೆಲಸ ಮುಗಿಯಲಿ, ಟಾಕಿ ಇಳಿಸಿ ಮುಂದಿನ ಸೀಟು ಕೂರಿಸುತ್ತೇನೆ, ಊರಿಗೆ ಮರಳುವ ಮುಂಚೆ ನಿಮ್ಮನ್ನು ಹಾರಿಸಿಯೇ ಹೋಗುತ್ತೇನೆ ಎಂದರು. ಅತ್ತಿ ಆ ಸಂಜೆ ಮನೆಯವರೆಗೂ ನನಗಿಂತ ಮುಂದೆ ನಡೆದಳು.

ಇನ್ನು ಆ ರೊಟ್ಟಿಯ ವಿಷಯ. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೊಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದೆಯಬಾರದು, ಹೊದ್ದವರ ಹೊಟ್ಟೆಯೂ ತಣ್ಣಗಿರುವುದಿಲ್ಲ ಎನ್ನುವುದು ನಂಬಿಕೆ. ಅತ್ತಿಯ ಕೈ ಜೀವಮಾನವಿಡೀ ಆ ಮೂಲೆಗೆ ಬಂದಾಗ ರೊಟ್ಟಿ ಹುಡುಕಿದ ಕೈ. ನಮ್ಮ ಬುತ್ತಿಗಂಟಿನಲ್ಲಿ ಖಡಕ್ ರೊಟ್ಟಿ ಇತ್ತು. ಒಂದು ಚೂರು ಮುರಿದು ರೆಕ್ಕೆಯ ಮೂಲೆಯೊಳಗೆ ಸೇರಿಸಿ, ಕೈಮುಗಿದು, ಹೊಲಿದುಬಿಟ್ಟಳು. ನನಗದು ವಿಶೇಷವೆಂದೇ ಅನಿಸಲಿಲ್ಲ. ಹೊಲಿಗೆ ಮುಗಿದರೆ ರೊಟ್ಟಿ, ಅಷ್ಟೆ. ಸಾಹೇಬರು ಮೇಲೆ ಬಣ್ಣ ಬಳಿದರು, ಜೋಡೆತ್ತು ಮತ್ತೆ ಎದ್ದಿತು, ಒಂದು ವಾರ ಹೊಟ್ಟೆ ತುಂಬಿದ ರೆಕ್ಕೆಯಿಂದಲೇ ಹಳಿಯಾಳದ ಮೇಲೆಲ್ಲ ಹಾರಿತು.

ಔಷಧದ ಕೆಲಸ ಮುಗಿಯಿತು. ಟಾಕಿ ಇಳಿಯಿತು, ಸೀಟು ಕೂತಿತು. ನಾಳೆ ಬೆಳಿಗ್ಗೆ ಬರ್ರಿ ಎಂದು ಸಾಹೇಬರು ಹೇಳಿಕಳಿಸಿದರು. ಅತ್ತಿ ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಸೆರಗು ಬಿಗಿದು ನಡೆದಳು, ನಾವೆಲ್ಲ ಅವಳ ಹಿಂದೆ ಮೆರವಣಿಗೆ ಹೊರಟೆವು. ಮೈದಾನದಲ್ಲಿ ಸಾಹೇಬರು ರೆಕ್ಕೆಯ ಮುಂದೆ ಸೊಂಟಕ್ಕೆ ಒಂದು ಕೈಕೊಟ್ಟು ನಿಂತಿದ್ದರು. ಹೊಲಿದ ಮೂಲೆಯಲ್ಲಿ ಬೊಗಸೆಯಷ್ಟು ತೂತು. ಸುತ್ತ ಇಲಿ ಕಡಿದ ಬಟ್ಟೆಯ ನೂಲು. ಅವರ ಇನ್ನೊಂದು ಅಂಗೈಯಲ್ಲಿ ಒಂದಿಷ್ಟು ರೊಟ್ಟಿಯ ಪುಡಿ.

"ಹೇ ಕಾಯ್ ಆಹೇ? ಏನಿದು? ಇಷ್ಟ ವರ್ಷ ವಿಮಾನ ಹಾರಿಸೀನಿ, ರೆಕ್ಕ್ಯಾಗ ಭಾಕರಿ ಎಂದೂ ನೋಡಿಲ್ಲ!" ಅಂಗೈಯನ್ನು ನಮ್ಮ ಮುಂದೆ ಚಾಚಿದರು. ಸಿಟ್ಟೇ ಅದು.

ಅಪ್ಪ ನೆಲ ನೋಡಿದ. ಅತ್ತಿ ಮುಂದೆ ಬಂದಳು. "ನಾನ ಇಟ್ಟೀನ್ರಿ. ರೆಕ್ಕಿ ಹಸಕೊಂಡ ಇರಬಾರ್ದಂತ ಇಟ್ಟೀನಿ. ನೀವು ದಿನಾ ಅದರ ಮ್ಯಾಲೆ ಜೀವಾ ಇಟ್ಟ ಹೋಗವ್ರು. ನಿಮಗ ಚೊಲೋ ಆಗಲಿ ಅಂತ ಇಟ್ಟೀನಿ."

ಅಷ್ಟು ಹೇಳಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಬೈಯುವ ಅತ್ತಿಯನ್ನು ನೋಡಿದ್ದೆ, ಅಳುವ ಅತ್ತಿಯನ್ನು ನೋಡಿರಲಿಲ್ಲ. ಮನೆ ನೋಡುವ ಒಂದೇ ದಾರಿಯನ್ನು ಅವಳು ತನ್ನ ಕೈಯಾರೆ ಇಲಿಗೆ ಉಣಿಸಿದ್ದಳು. ಸಾಹೇಬರು ಬಗ್ಗಿ ತೂತಿನೊಳಗೆ ಬೆರಳಾಡಿಸಿ ನೋಡಿದರು. ಕೊನೆಗೆ ಕೈಯ ಪುಡಿಯನ್ನು ಝಾಡಿಸಿ, "ಕುಂದರ್ರಿ ಬಾಯಿ, ಮತ್ತ ಹೊಲೀರಿ. ಈ ಸಲ ರೆಕ್ಕಿ ಉಪಾಸ ಇರಲಿ" ಎಂದರು. ನಮ್ಮಪ್ಪ ತಡೆಯಲಾಗದೆ ನಕ್ಕುಬಿಟ್ಟ, ಸಾಹೇಬರೂ ನಕ್ಕರು. ಅತ್ತಿ ಕಣ್ಣೊರೆಸಿಕೊಂಡು, ಇಳಕಲ್ ಸೀರೆಯಲ್ಲೇ ನೆಲಕ್ಕೆ ಕೂತಳು.

ಬಣ್ಣ ಒಣಗಿದ ಮಾರನೆಯ ದಿನ ಅವಳು ಹಾರಿದಳು. ಮುಂದಿನ ಗುಳಿಯಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ತಲೆಗೊಂದು ಚರ್ಮದ ಟೊಪ್ಪಿಗೆ ಹಾಕಿದರು. ಕಿವಿಯ ಹತ್ತಿರ ಒಂದು ರಬ್ಬರಿನ ಕೊಳವೆ. ಹಿಂದೆ ಕೂತವರೂ ಮುಂದೆ ಕೂತವರೂ ಮಾತಾಡಿಕೊಳ್ಳುವುದಕ್ಕೆ ಅದು, ಮಿಲಿಟರಿಯಲ್ಲಿದ್ದಾಗ ಅದರಲ್ಲಿಯೇ ಸಾಹೇಬರು ಕಲಿಯುವ ಹುಡುಗರಿಗೆ ಬೈಯುತ್ತಿದ್ದರಂತೆ. ಪಂಖ ತಿರುಗಿತು, ಹುಲ್ಲು ಮಲಗಿತು. ಜೋಡೆತ್ತು ಕುಪ್ಪಳಿಸುತ್ತ ಓಡಿ, ಯಾವಾಗ ಎಂದು ತಿಳಿಯದಂತೆ ನೆಲ ಬಿಟ್ಟಿತು. ಕಾಡಿನ ಮೇಲೆ ಚಿಕ್ಕದಾಗುತ್ತ ಹೋಯಿತು. ಸದ್ದೂ ಕರಗಿತು. ಹಿಂದೆ ಉಳಿದ ನಾವು ಕತ್ತೆತ್ತಿಯೇ ನಿಂತೆವು. ಅವ್ವ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಅವರು ಇಳಿದಾಗ ಅತ್ತಿಯ ಮುಖ ಗಾಳಿಗೆ ಕೆಂಪಾಗಿತ್ತು. "ಸೂಪಾ ಕಂಡ್ತೇನಬೇ?" ಎಂದು ಅಪ್ಪ ಕೇಳಿದ. ಅವಳು ಟೊಪ್ಪಿಗೆ ಬಿಚ್ಚಿ ಕೊಟ್ಟಳು. "ನೀರು ಕೊಡ್ರಿ, ಗಂಟಲಾ ಒಣಗೇತಿ" ಎಂದಳು. ಸಾಹೇಬರು ಅಪ್ಪನನ್ನು ಪಕ್ಕಕ್ಕೆ ಕರೆದು, ಕೊಳವೆಯಲ್ಲಿ ದಾರಿಯುದ್ದಕ್ಕೂ ಅಕ್ಕನ ದನಿ ಕೇಳುತ್ತಿತ್ತು, ಓಣಿಯ ಮನೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು ಎಂದರಂತೆ. ಮರುದಿನ ಅವರು ವಿಮಾನ ತೆಗೆದುಕೊಂಡು ಹೊರಟುಹೋದರು. ಕಾಲನಿಯ ಮೇಲೆ ಒಂದು ಸುತ್ತು ಹಾಕಿ ರೆಕ್ಕೆ ಓಲಾಡಿಸಿದರು. ಆಮೇಲೆ ಅದು ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಶಾಂತವ್ವ ಮೇಲಿನಿಂದ ಸೂಪಾ ನೋಡಿ ಬಂದಿದ್ದಾಳೆ ಎಂಬ ಸುದ್ದಿ ಎದ್ದುಹೋದ ಊರಿನವರಿಗೆಲ್ಲ ಮುಟ್ಟಿತು. ಒಬ್ಬೊಬ್ಬರಾಗಿ ನಮ್ಮ ಮನೆಗೆ ಬರತೊಡಗಿದರು. ರಾಮನಗರದಿಂದ, ಜೋಯಿಡಾದ ಹಳ್ಳಿಗಳಿಂದ, ಕೆಲವರು ಗೋವಾದಿಂದಲೂ. ಚಹಾ ಕುಡಿದು, ಮಳೆಬೆಳೆ ಮಾತಾಡಿ, ಏಳುವಾಗ ದನಿ ತಗ್ಗಿಸಿ ಕೇಳುತ್ತಿದ್ದರು, "ನಮ್ಮ ಮನಿ ಕಂಡ್ತೇನ್ರಿ?" ಅತ್ತಿ ತಡವರಿಸುತ್ತಿರಲಿಲ್ಲ. "ಕಾಣದ ಏನಾತು? ನಿಮ್ಮ ಹಂಚ ಒಂದೂ ಸರದಿಲ್ಲ." "ನಿಮ್ಮ ತುಳಸಿಕಟ್ಟಿ ಹಂಗ ಐತವ್ವಾ." "ನಿಮ್ಮ ಹಲಸಿನ ಗಿಡ ನಿಂತೈತಿ." ಅವರು ಕಣ್ಣೊರೆಸಿಕೊಂಡು, ಹಗುರಾಗಿ, ಬಸ್ಸು ಹಿಡಿಯಲು ಹೋಗುತ್ತಿದ್ದರು. ನಾನೂ ನಂಬಿದ್ದೆ. ನೀರಿನಡಿಯ ಆ ಊರು ನನಗೆ ನಮ್ಮ ಕಾಲನಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಅತ್ತಿಗೆ ಈಗ ಎಂಬತ್ತು ಮೀರಿದೆ. ಅಪ್ಪ ಅವ್ವ ಹೋದ ಮೇಲೆ ನನ್ನ ಹತ್ತಿರವೇ ಇದ್ದಾಳೆ. ಕೈ ನಡುಗುತ್ತದೆ, ಸೂಜಿ ಹಿಡಿಯಲಾರಳು, ಬೈಯುವುದಕ್ಕೆ ಮಾತ್ರ ಕೈ ಬೇಕಿಲ್ಲವಲ್ಲ. ಕೇಳಲು ಬರುವವರೂ ಕಡಿಮೆಯಾಗಿದ್ದಾರೆ. ಹೋದ ವಾರ ರಾಮನಗರದಿಂದ ಪಾಂಡು ಕಾಕಾ ಬಂದಿದ್ದ, ಸೂಪಾದಲ್ಲಿ ಅತ್ತಿಯ ನೆರೆಮನೆಯವನು. ಮೊಮ್ಮಗನ ಕೈ ಹಿಡಿದು ಬಂದು, ಹಳೆಯದನ್ನೇ ಮತ್ತೆ ಕೇಳಿದ. "ಶಾಂತಾಬಾಯಿ, ಆಮ್ಚೆ ಮನಿ... ಪಾಯರಿ ಕಂಡಿತ್ತಲ್ಲ?"

"ಕಂಡಿತ್ತೋ. ಮೂರೂ ಮೆಟ್ಲ ಕಂಡ್ವು. ನೀ ಚಪ್ಪಲಿ ಬಿಡತಿದ್ದಿ ನೋಡು, ಅಲ್ಲೇ."

ಅವನು ತೃಪ್ತಿಯಿಂದ ತಲೆಯಾಡಿಸಿ ಹೊರಟ. ಅವನನ್ನು ಆಟೋ ಹತ್ತಿಸಿ ಒಳಗೆ ಬಂದೆ. ಅತ್ತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನಗೇನನ್ನಿಸಿತೋ, ಕೇಳಿಬಿಟ್ಟೆ.

"ಅತ್ತಿ, ಖರೇನ ಕಂಡಿತ್ತೇನು?"

"ಏನ್ ಕಾಣ್ತೈತಿ ಹುಚ್ಚಿ," ಎಂದಳು, ತಿರುಗದೆಯೇ. "ನೀರಾಗ ಬರೇ ಮುಗಲ ಕಂಡ್ತು. ಮ್ಯಾಲೂ ಮುಗಲ, ಕೆಳಗೂ ಮುಗಲ. ಅಷ್ಟ ದೂರದಿಂದ ಬಂದ ಕೇಳತಾರ, ಇಲ್ಲಂತ ಹೆಂಗ ಅನ್ನೂದು?"

ಕೌದಿ ಎಳೆದುಕೊಂಡು ತಾನೇ ಮುಂದುವರಿಸಿದಳು. "ಎಲ್ಲಾರೂ ತಮ್ಮ ತಮ್ಮ ಮನಿ ಕೇಳಿದ್ರು. ನಿನ್ನ ಮನಿ ಕಂಡ್ತೇನ ಶಾಂತವ್ವಾ ಅಂತ ಒಬ್ಬರೂ ಕೇಳಲಿಲ್ಲ ನೋಡು."

ನನಗೆ ಅಳು ಬಂತು. ನಲವತ್ತು ವರ್ಷದಿಂದ ಅವಳನ್ನು ಹತ್ತಿರದಿಂದ ನೋಡಿದ ನಾನೂ ಕೇಳಿರಲಿಲ್ಲ. ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡೆ.

"ಅತ್ತಿ, ನಿನ್ನ ಮನಿ ಕಂಡ್ತೇನು?"

ಅವಳು ಮೆಲ್ಲಗೆ ನನ್ನ ಕಡೆ ಹೊರಳಿದಳು. ಬೊಚ್ಚು ಬಾಯಿ ಅರಳಿತು.

"ಕಂಡ್ತವ್ವಾ," ಎಂದಳು. "ಬಿಟ್ಟ ಬರೂ ದಿನ ಪಡಸಾಲಿ ಸಾರಿಸಿ ಬಂದಿದ್ದೆ. ಇನ್ನೂ ಆರಿಲ್ಲ."